ವರದಿಯಲ್ಲಿ ಬಾರದ ಹೆಸರುಗಳು

ಮಾಗಿಯ ಚಳಿ ಹಿಂದೆಗೆಯುವ ದಿನಗಳಲ್ಲಿ ನಾಡಿನ ಪ್ರೌಢಶಾಲೆಗಳಲ್ಲಿ ಒಂದು ಹಬ್ಬ ನಡೆಯುತ್ತದೆ. ಅದಕ್ಕೆ ಪಂಚಾಂಗದಲ್ಲಿ ತಿಥಿಯಿಲ್ಲ. ಆದರೂ ಊರಿಗೆಲ್ಲ ಅದರ ಸುದ್ದಿ ತಿಳಿದಿರುತ್ತದೆ. ಅದೇ ಶಾಲಾ ವಾರ್ಷಿಕೋತ್ಸವ. ಅಂದು ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಾರೆ. ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾರೆ. ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಊರ ಹಿರಿಯರು, ಅವರ ಹಿಂದೆ ತಾಯಿತಂದೆಗಳು, ಜಮಖಾನದ ಮೇಲೆ ಮಕ್ಕಳು. ವೇದಿಕೆಯ ಒಂದು ಬದಿಯ ಮೇಜಿನ ಮೇಲೆ ಬೆಳ್ಳಿಯ ಬಣ್ಣದ ಬಟ್ಟಲುಗಳು, ಫಲಕಗಳು, ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕಗಳು. ಪ್ರಾರ್ಥನೆ, ಸ್ವಾಗತಗಳು ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಕನ್ನಡಕವನ್ನು ಸರಿಪಡಿಸಿಕೊಂಡು ವಾರ್ಷಿಕ ವರದಿಯನ್ನು ಓದಲು ಎದ್ದು ನಿಲ್ಲುತ್ತಾರೆ.

ಆ ವರದಿಯು ಶಾಲೆಯ ಒಂದು ವರ್ಷದ ಜಮಾಖರ್ಚು. ಹಿಂದಿನ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಎಷ್ಟು ಮಂದಿ ಕುಳಿತರು, ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಪ್ರಥಮ ದರ್ಜೆ ಬಂದಿತು ಎಂಬುದು ಅದರ ಮೊದಲ ಭಾಗ. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ ತಂಡಕ್ಕೆ ಬಂದ ಬಹುಮಾನ, ಪ್ರತಿಭಾ ಕಾರಂಜಿಯಲ್ಲಿ ಜಾನಪದ ಗೀತೆಗೆ ದೊರೆತ ಸ್ಥಾನ, ವಿಜ್ಞಾನ ವಸ್ತು ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದ ಮಾದರಿ, ಸ್ಕೌಟ್ ಮತ್ತು ಗೈಡ್ ದಳಗಳ ಸೇವೆ, ಇವು ಎರಡನೆಯ ಭಾಗ. ಶಾಲೆಗೆ ಮೇಜು, ಗಡಿಯಾರ, ಗ್ರಂಥಗಳನ್ನು ಕೊಟ್ಟ ದಾನಿಗಳ ಸ್ಮರಣೆ ಕೊನೆಯ ಭಾಗ. ಒಂದೊಂದು ಹೆಸರು ಕೇಳಿಬಂದಾಗಲೂ ಚಪ್ಪಾಳೆ ಮೊಳಗುತ್ತದೆ. ಹೆಸರು ಬಂದ ಮಗುವಿನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಇದನ್ನು ಆಡಂಬರವೆಂದು ಹಳಿಯುವವರು ಉಂಟು. ಆ ಮಾತು ಸರಿಯಲ್ಲ. ದುಡಿಮೆಗೆ ಮನ್ನಣೆ ಸಿಗದ ಕಡೆ ದುಡಿಮೆ ಸೊರಗುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರರಂತೆ ಒಟ್ಟು 625 ಅಂಕಗಳಿದ್ದ 2024ನೆಯ ಇಸವಿಯಲ್ಲಿ, ಉತ್ತರ ಕರ್ನಾಟಕದ ವಸತಿ ಶಾಲೆಯೊಂದರಲ್ಲಿ ಓದಿದ ರೈತನ ಮಗಳೊಬ್ಬಳು 625ಕ್ಕೆ 625 ಅಂಕಗಳನ್ನೂ ಪಡೆದಳು. ಆ ಸುದ್ದಿಯನ್ನು ಕೇಳಿ ಎಷ್ಟು ಹಳ್ಳಿಗಳ ಹೆಣ್ಣುಮಕ್ಕಳು ಪುಸ್ತಕವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಿರಬೇಕು! ಕೇಂದ್ರ ಸರ್ಕಾರದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಎಂಟನೆಯ ತರಗತಿಯಲ್ಲಿ ಬರೆದು ಆಯ್ಕೆಯಾದ ಬಡ ವಿದ್ಯಾರ್ಥಿಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಗಳು ದೊರೆಯುತ್ತವೆ. ಕೂಲಿ ಮಾಡಿ ಬದುಕುವ ಸಂಸಾರಕ್ಕೆ ಅದು ಅಲ್ಪ ಮೊತ್ತವಲ್ಲ. ಅಂಕಗಳು ಬಡವರ ಮಕ್ಕಳಿಗೆ ಬಾಗಿಲು ತೆರೆಯುವ ಬೀಗದ ಕೈ. ಆದುದರಿಂದ ಅಂಕ, ಪದಕ, ಬಹುಮಾನಗಳನ್ನು ಹಗುರವಾಗಿ ಕಾಣುವುದು ಪರಿಶ್ರಮವನ್ನೇ ಹಗುರವಾಗಿ ಕಂಡಂತೆ.

ಆದರೆ ವರದಿಯ ಓದು ಮುಗಿದಾಗ ಜಮಖಾನದ ಕಡೆಗೆ ಒಮ್ಮೆ ಕಣ್ಣು ಹಾಯಿಸಬೇಕು. ಮುನ್ನೂರು ಮಕ್ಕಳಿರುವ ಶಾಲೆಯಲ್ಲಿ ಮೂವತ್ತು ಹೆಸರುಗಳು ಓದಲ್ಪಟ್ಟರೆ ಅದೇ ಹೆಚ್ಚು. ಅವುಗಳಲ್ಲಿಯೂ ಹಲವು ಮರುಕಳಿಸುವ ಹೆಸರುಗಳೇ. ಭಾಷಣದಲ್ಲಿ ಬಂದವನೇ ಪ್ರಬಂಧದಲ್ಲಿ, ಪ್ರಬಂಧದಲ್ಲಿ ಬಂದವಳೇ ರಸಪ್ರಶ್ನೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದುಂಟು. ಉಳಿದ ಇನ್ನೂರ ಎಪ್ಪತ್ತು ಮಕ್ಕಳ ಪಾಲಿಗೆ ಅಂದು ಬಂದ ಕೆಲಸ ಚಪ್ಪಾಳೆ ತಟ್ಟುವುದು. ಬೆಳಗಿನಿಂದ ಬೆಂಚುಗಳನ್ನು ಹೊತ್ತವರು, ಅಂಗಳ ಗುಡಿಸಿದವರು, ಕುಡಿಯುವ ನೀರು ತುಂಬಿಸಿದವರು ಬಹುಮಟ್ಟಿಗೆ ಅವರೇ. ಸಮಾರಂಭ ಮುಗಿದ ಮೇಲೆ ಕುರ್ಚಿಗಳನ್ನು ಮಡಚಿ ಇಡುವವರೂ ಅವರೇ. ಒಂದು ವರ್ಷದ ಕಾಲ ಅವರು ಶಾಲೆಯಲ್ಲಿ ಏನು ಮಾಡಿದರು? ವರದಿ ಅದನ್ನು ಹೇಳುವುದಿಲ್ಲ.

ಇದು ಕೇವಲ ಮನಸ್ಸಿನ ನೋವಿನ ಪ್ರಶ್ನೆಯಾಗಿದ್ದರೆ ಅಷ್ಟು ಯೋಚಿಸಬೇಕಾದ ಅಗತ್ಯವಿರಲಿಲ್ಲ. ಇದರ ಹಿಂದೆ ಇನ್ನೂ ಗುರುತರವಾದ ಸಂಗತಿಯೊಂದಿದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸಿತು. 2010ರ ಏಪ್ರಿಲ್ ತಿಂಗಳ ಮೊದಲ ದಿನ ಅದು ಜಾರಿಗೆ ಬಂದಿತು. ಅದರ ರಕ್ಷಣೆ ಎಂಟನೆಯ ತರಗತಿಯವರೆಗೆ ಮಾತ್ರ. ಒಂಬತ್ತನೆಯ ತರಗತಿಯ ಹೊಸ್ತಿಲನ್ನು ದಾಟಿದ ಮಗು ಆ ಕಾಯಿದೆಯ ಆಸರೆಯಿಂದ ಹೊರಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಅದನ್ನು ಶಾಲೆಯಲ್ಲಿ ಹಿಡಿದು ನಿಲ್ಲಿಸಬೇಕಾದದ್ದು ಮನೆಯವರ ಮನಸ್ಸು, ಗುರುಗಳ ಮಮತೆ ಮತ್ತು 'ಈ ಶಾಲೆಯಲ್ಲಿ ನನಗೂ ಒಂದು ಸ್ಥಾನವಿದೆ' ಎಂಬ ಸ್ವಂತ ನಂಬಿಕೆ. ದುಡಿಯಲು ಕರೆಯುವ ಹೊಲ, ಅಂಗಡಿ, ಕಾರ್ಖಾನೆಗಳು, ಬೇಗ ಮದುವೆ ಮಾಡಿಬಿಡೋಣವೆನ್ನುವ ಬಂಧುಗಳು ಹೊರಗೆ ಕಾದಿರುತ್ತಾರೆ. ಮೊದಲ ಎರಡು ಆಸರೆಗಳು ಸಡಿಲವಾದ ಮಗುವಿಗೆ ಉಳಿಯುವುದು ಮೂರನೆಯದೊಂದೇ. ವರ್ಷವಿಡೀ ತನ್ನ ಹೆಸರನ್ನು ಹಾಜರಿ ಕರೆಯುವಾಗ ಮಾತ್ರ ಕೇಳಿದ ಮಗುವಿನಲ್ಲಿ ಆ ನಂಬಿಕೆ ಹೇಗೆ ಬೇರೂರೀತು?

ಹಾಜರಿ ಪುಸ್ತಕದ ಮಾತು ಬಂದುದು ಒಳ್ಳೆಯದೇ ಆಯಿತು. ಶಾಲೆಯಲ್ಲಿರುವ ಪುಸ್ತಕಗಳಲ್ಲಿ ಯಾರೂ ಓದದ, ಆದರೆ ಬಹಳ ಓದಿಸಿಕೊಳ್ಳಬೇಕಾದ ಪುಸ್ತಕ ಅದು. ಹೊಳೆಯಾಚೆಯ ಹಾಡಿಯಿಂದ ಮಳೆಗಾಲದಲ್ಲಿಯೂ ತಪ್ಪದೆ ಬಂದ ಹುಡುಗನ ಹೆಸರಿನ ಮುಂದೆ ಅಲ್ಲಿ ಹಾಜರಿಯ ಗುರುತುಗಳ ಸಾಲು ಇರುತ್ತದೆ. ಕರ್ನಾಟಕ ಸರ್ಕಾರವು 2006-07ನೆಯ ಸಾಲಿನಲ್ಲಿ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಅದಕ್ಕೆ ಕಾರಣ, ಪ್ರೌಢಶಾಲೆಯು ಎಲ್ಲ ಊರುಗಳಲ್ಲಿಯೂ ಇಲ್ಲದಿರುವುದು ಮತ್ತು ದೂರವೇ ಅನೇಕರ ಓದಿಗೆ ಅಡ್ಡಿಯಾಗಿದ್ದುದು. ಆ ದೂರವನ್ನು ದಿನಕ್ಕೆ ಎರಡು ಬಾರಿ ಗೆಲ್ಲುವುದು ಒಂದು ಸಾಧನೆಯಲ್ಲವೆ? ನೂರು ಮೀಟರ್ ಓಟದಲ್ಲಿ ಮೊದಲಿಗನಾದವನಿಗೆ ಪದಕವಿದೆ. ಮೂರು ವರ್ಷಗಳಲ್ಲಿ ಸಾವಿರಾರು ಕಿಲೋಮೀಟರ್ ನಡೆದವನಿಗೆ ಒಂದು ಒಳ್ಳೆಯ ಮಾತಾದರೂ ಇರಬೇಡವೆ?

ಅಂಕಗಳ ವಿಷಯದಲ್ಲಿಯೂ ಹೀಗೆಯೇ. ತೊಂಬತ್ತರಿಂದ ತೊಂಬತ್ತೈದಕ್ಕೆ ಏರಿದವನ ಹೆಸರು ವರದಿಯಲ್ಲಿ ಬರುತ್ತದೆ. ಗಣಿತದಲ್ಲಿ ಹದಿನೈದರಿಂದ ನಲವತ್ತಕ್ಕೆ ಏರಿದವಳ ಹೆಸರು ಬರುವುದಿಲ್ಲ. ಏರಿದ ಮೆಟ್ಟಿಲುಗಳನ್ನು ಎಣಿಸಿದರೆ ಹೆಚ್ಚು ಏರಿದವಳು ಎರಡನೆಯವಳೇ. ತಾಯಿ ಹಾಸಿಗೆ ಹಿಡಿದಾಗ ಬೆಳಗ್ಗೆ ಅಡುಗೆ ಮಾಡಿ, ತಮ್ಮನನ್ನು ಶಾಲೆಗೆ ಬಿಟ್ಟು, ತಾನೂ ಓಡೋಡಿ ಬಂದು ಪ್ರಾರ್ಥನೆಯ ಸಾಲಿನಲ್ಲಿ ನಿಂತವಳು ಅವಳಾಗಿರಬಹುದು. ಪಕ್ಕದ ಬೆಂಚಿನ ಗೆಳತಿಯೊಬ್ಬಳು ಊಟದ ಬಿಡುವಿನಲ್ಲಿ ಅವಳಿಗೆ ಬೀಜಗಣಿತವನ್ನು ಹೇಳಿಕೊಟ್ಟಿರಬಹುದು. ಕಲಿತವಳ ಹೆಸರೂ ಇಲ್ಲ, ಕಲಿಸಿದವಳ ಹೆಸರೂ ಇಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಶಾಲೆಯ ಅಂಗಳಕ್ಕೂ ಹೊಂದುತ್ತದೆ.

ಅಳತೆಗೋಲು ಬದಲಾದರೆ ಒಬ್ಬನೇ ವಿದ್ಯಾರ್ಥಿ ಎಷ್ಟು ಬೇರೆ ಬೇರೆಯಾಗಿ ಕಾಣುತ್ತಾನೆಂಬುದಕ್ಕೆ ಶ್ರೀನಿವಾಸ ರಾಮಾನುಜನ್ ಅವರ ಬಾಳು ಒಳ್ಳೆಯ ನಿದರ್ಶನ. ಅವರು ತಮಿಳುನಾಡಿನ ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ ಓದಿದರು. 1904ರಲ್ಲಿ ಅಲ್ಲಿ ಗಣಿತಕ್ಕಾಗಿ ಅವರಿಗೆ ಬಹುಮಾನ ದೊರೆಯಿತು. ಪೂರ್ಣ ಅಂಕಗಳಿಗಿಂತ ಹೆಚ್ಚು ಪಡೆಯಲು ಅರ್ಹನಾದ ವಿದ್ಯಾರ್ಥಿ ಎಂದು ಮುಖ್ಯೋಪಾಧ್ಯಾಯರಾದ ಕೃಷ್ಣಸ್ವಾಮಿ ಅಯ್ಯರ್ ಅವರು ಸಭೆಗೆ ಪರಿಚಯಿಸಿದರಂತೆ. ಆ ವರ್ಷದ ವರದಿಯಲ್ಲಿ ರಾಮಾನುಜನ್ ಮೊದಲಿಗರು. ಆದರೆ ಕಾಲೇಜಿಗೆ ಹೋದ ಮೇಲೆ ಗಣಿತವನ್ನುಳಿದು ಬೇರೆ ವಿಷಯಗಳ ಕಡೆಗೆ ಅವರ ಮನಸ್ಸು ಹೋಗಲಿಲ್ಲ. ಪರೀಕ್ಷೆಯಲ್ಲಿ ಸೋತರು, ವಿದ್ಯಾರ್ಥಿವೇತನ ನಿಂತಿತು. ಮದರಾಸಿನ ಕಾಲೇಜೊಂದನ್ನು ಸೇರಿ ಬರೆದ ಎಫ್.ಎ. ಪರೀಕ್ಷೆಯಲ್ಲಿಯೂ ಜಯ ದೊರೆಯಲಿಲ್ಲ. ಆ ವರ್ಷಗಳ ವರದಿಗಳಲ್ಲಿ ಅವರು ಅನುತ್ತೀರ್ಣರು. 1913ರಲ್ಲಿ ಅವರು ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಬರೆದರು. 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1904ರ ರಾಮಾನುಜನ್, 1907ರ ರಾಮಾನುಜನ್, 1918ರ ರಾಮಾನುಜನ್ ಮೂವರಲ್ಲ, ಒಬ್ಬರೇ. ಬದಲಾದದ್ದು ಅವರನ್ನು ಅಳೆದ ಕೊಳಗ.

ರಾಮಾನುಜನ್ ಹುಟ್ಟಿದ 1887ನೆಯ ಇಸವಿಯಲ್ಲಿಯೇ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರೂ ಹುಟ್ಟಿದರು. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಅವರ ಶಾಲೆಯ ಓದು ಅಲ್ಲಿಗೆ ಮುಗಿಯಿತು. ಆದರೆ ಕಲಿಕೆ ಮುಗಿಯಲಿಲ್ಲ. ಪತ್ರಿಕೋದ್ಯಮಿಯಾಗಿ, ಕವಿಯಾಗಿ, ರಾಜ್ಯಶಾಸ್ತ್ರದ ಚಿಂತಕರಾಗಿ ಅವರು ಬೆಳೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತು ಮನ್ನಿಸಿತು. ಪರೀಕ್ಷೆಯಲ್ಲಿ ಸೋತವರೆಲ್ಲರೂ ಡಿ.ವಿ.ಜಿ.ಯವರಾಗುತ್ತಾರೆಂದು ಇದರ ಅರ್ಥವಲ್ಲ. ಹಾಗೆ ತಿಳಿದು ಪುಸ್ತಕವನ್ನು ಮಡಚಿಡುವವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ. ಹದಿನಾರನೆಯ ವಯಸ್ಸಿನ ಒಂದು ಫಲಿತಾಂಶವು ಒಬ್ಬ ಮನುಷ್ಯನ ಕುರಿತ ಕೊನೆಯ ಮಾತಲ್ಲವೆಂಬುದಷ್ಟೇ ಇದರ ಅರ್ಥ. ಸರ್ಕಾರವೂ ಈ ಮಾತನ್ನು ಒಂದು ರೀತಿಯಲ್ಲಿ ಒಪ್ಪಿದೆ. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶವನ್ನು ಕೊಡುವ ಪದ್ಧತಿಯು 2024ರಲ್ಲಿ ಆರಂಭವಾಯಿತು.

ವರದಿಯ ಕಣ್ಣಿಗೆ ಬೀಳದ ಸಾಧನೆಗಳು ಎಷ್ಟಿರಬಹುದೆಂಬುದನ್ನು ಇಡೀ ನಾಡು ಒಮ್ಮೆ ಕಂಡಿತು. 2020ರಲ್ಲಿ ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದವು. ಆ ವರ್ಷ ಶಿಕ್ಷಣ ಇಲಾಖೆಯು 'ವಿದ್ಯಾಗಮ' ಎಂಬ ಕಾರ್ಯಕ್ರಮವನ್ನು ನಡೆಸಿತು. ಶಾಲೆಗೆ ಮಕ್ಕಳು ಬರಲಾಗದಿದ್ದಾಗ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ದೇವಸ್ಥಾನದ ಜಗಲಿ, ಮರದ ನೆರಳು, ಸಮುದಾಯ ಭವನಗಳು ತರಗತಿಗಳಾದವು. ದೂರವಾಣಿಯ ಸಂಕೇತ ಸಿಗದ ಮಲೆನಾಡಿನ ಊರುಗಳಲ್ಲಿ ಮಕ್ಕಳು ಗುಡ್ಡವೇರಿ ಕುಳಿತು ಪಾಠ ಕೇಳಿದರು. ಮನೆಗೆ ಒಂದೇ ಇದ್ದ ಮೊಬೈಲಿಗಾಗಿ ಅಪ್ಪ ಕೆಲಸದಿಂದ ಬರುವವರೆಗೆ ಕಾದರು. 2021ರ ಜುಲೈ ತಿಂಗಳ 19 ಮತ್ತು 22ನೆಯ ದಿನಾಂಕಗಳಂದು, ಎರಡೇ ದಿನಗಳಲ್ಲಿ, ಸರಿಯುತ್ತರವನ್ನು ಗುರುತಿಸುವ ಬಗೆಯ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯಿತು. ಬರೆದವರಲ್ಲಿ ಹೆಚ್ಚುಕಡಮೆ ಎಲ್ಲರೂ ತೇರ್ಗಡೆಯಾದರು. ಆ ವರ್ಷದ ಫಲಿತಾಂಶದ ಪಟ್ಟಿಯನ್ನು ನೋಡಿದವರಿಗೆ ಎಲ್ಲರೂ ಸಮಾನರೇ. ಗುಡ್ಡವೇರಿ ಕಲಿತವರಾರು, ಮನೆಯಲ್ಲಿ ಕುಳಿತು ಕಲಿತವರಾರು, ತಮ್ಮಂದಿರಿಗೂ ತಂಗಿಯರಿಗೂ ತಾವೇ ಗುರುಗಳಾದವರಾರು ಎಂಬುದನ್ನು ಆ ಪಟ್ಟಿ ಹೇಳಲಾರದು. ಅದನ್ನು ಹೇಳಬಲ್ಲವರು ಆ ಮಕ್ಕಳನ್ನು ಬಲ್ಲ ಗುರುಗಳು ಮತ್ತು ಜೊತೆಗಾರರು ಮಾತ್ರ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಎಲ್ಲರನ್ನೂ ಹೊಗಳತೊಡಗಿದರೆ ಹೊಗಳಿಕೆಗೆ ಬೆಲೆ ಉಳಿಯುವುದೆ? ಎಲ್ಲರಿಗೂ ಬಹುಮಾನ ಕೊಟ್ಟರೆ ಅದು ಬಹುಮಾನವೇ ಅಲ್ಲ. ಜಾತ್ರೆಯಲ್ಲಿ ಹಂಚುವ ಪಾನಕ. ಕಷ್ಟಪಟ್ಟು ಗೆದ್ದವನಿಗೆ ಅದರಿಂದ ಅನ್ಯಾಯವಾಗುತ್ತದೆ. ಗೆಲ್ಲದವನಿಗೆ ಸುಳ್ಳು ಸಮಾಧಾನ ಸಿಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಸುಳ್ಳು ಹೊಗಳಿಕೆಯನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ. ಏನನ್ನೂ ಮಾಡದವನನ್ನು ಮೆಚ್ಚಿದರೆ ಅವನೇ ಒಳಗೊಳಗೆ ನಗುತ್ತಾನೆ.

ಆದರೆ ಬೇಕಾದುದು ಇನ್ನಷ್ಟು ಬಹುಮಾನಗಳಲ್ಲ, ಇನ್ನಷ್ಟು ನಿಜವಾದ ಸುದ್ದಿ. ಬಹುಮಾನಕ್ಕೂ ಸುದ್ದಿಗೂ ವ್ಯತ್ಯಾಸವಿದೆ. ಬಹುಮಾನವು ಹಲವರಲ್ಲಿ ಒಬ್ಬನನ್ನು ಆರಿಸುತ್ತದೆ. ಅದು ಹಾಗೆಯೇ ಇರಬೇಕು. ಸುದ್ದಿಯು ನಡೆದುದನ್ನು ನಡೆದಂತೆ ಹೇಳುತ್ತದೆ. ಸುಗ್ಗಿಯ ಕಾಲದಲ್ಲಿ ರೈತನು ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲ ಕೊಳಗವನ್ನು 'ಒಂದು' ಎನ್ನದೆ 'ಲಾಭ' ಎಂದು ಕೂಗುತ್ತಾನೆ. ಮುಖ್ಯೋಪಾಧ್ಯಾಯರ ವರದಿಯೂ ಅಂತಹ ಲಾಭದ ಕೂಗು. ಆದರೆ ರೈತನ ಲೆಕ್ಕ ಅಷ್ಟಕ್ಕೆ ನಿಲ್ಲುವುದಿಲ್ಲ. ಯಾವ ಮೂಲೆಯಲ್ಲಿ ಪೈರು ಸೊರಗಿತು, ಎಲ್ಲಿ ನೀರು ನಿಂತಿತು, ಮುಂದಿನ ವರ್ಷಕ್ಕೆ ಎಷ್ಟು ಬಿತ್ತನೆಯ ಬೀಜ ತೆಗೆದಿರಿಸಬೇಕು ಎಂಬುದನ್ನೂ ಅವನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾನೆ. ಕೊಳಗದ ಲೆಕ್ಕ ಊರಿಗೆ. ಈ ಎರಡನೆಯ ಲೆಕ್ಕ ಹೊಲಕ್ಕೆ. ಶಾಲೆಗೂ ಈ ಎರಡನೆಯ ಲೆಕ್ಕ ಬೇಕು.

ಆ ಲೆಕ್ಕದಲ್ಲಿ ಏನೇನು ಸೇರಬಹುದು? ವರ್ಷವಿಡೀ ಒಂದು ದಿನವೂ ತಪ್ಪದೆ ಬಂದವರು ಯಾರು? ಗ್ರಂಥಾಲಯದಿಂದ ಹೆಚ್ಚು ಪುಸ್ತಕಗಳನ್ನು ಕೊಂಡೊಯ್ದು ಓದಿ ಹಿಂದಿರುಗಿಸಿದವರು ಯಾರು? ಹಿಂದಿನ ಪರೀಕ್ಷೆಗಿಂತ ಮುಂದಿನದರಲ್ಲಿ ಹೆಚ್ಚು ಏರಿದವರು ಯಾರು? ಶಾಲೆಯ ತೋಟದ ಗಿಡಗಳನ್ನು ಬೇಸಿಗೆಯಲ್ಲಿ ಬದುಕಿಸಿದವರು ಯಾರು? ನಡೆಯಲಾಗದ ಸಹಪಾಠಿಯನ್ನು ಕೈಹಿಡಿದು ಕರೆತಂದವರು ಯಾರು? ಇವೆಲ್ಲ ಕಣ್ಣಿಗೆ ಕಾಣುವ, ಎಣಿಕೆಗೆ ಸಿಗುವ ಸಂಗತಿಗಳು. ಇವನ್ನು ಹೇಳಲು ಉತ್ಪ್ರೇಕ್ಷೆ ಬೇಕಾಗಿಲ್ಲ, ಗಮನಿಸುವ ಕಣ್ಣು ಸಾಕು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎನ್ನುತ್ತಾರೆ. ಶಾಲೆಯ ಕೀರ್ತಿಯೆಂಬ ಬಳ್ಳವನ್ನು ತುಂಬಿದ ತೆನೆಗಳು ಇವು.

ಇನ್ನೊಂದು ಸಂಗತಿಯನ್ನೂ ಆ ಲೆಕ್ಕದಲ್ಲಿ ಬರೆಯುವ ಧೈರ್ಯ ಶಾಲೆಗಿರಬೇಕು. ಜೂನ್ ತಿಂಗಳಲ್ಲಿ ತರಗತಿಯಲ್ಲಿದ್ದು ದಸರೆಯ ರಜೆಯ ಅನಂತರ ಹಿಂದಿರುಗಿ ಬಾರದ ಮಕ್ಕಳು ಎಷ್ಟು ಮಂದಿ? ಅವರು ಎಲ್ಲಿಗೆ ಹೋದರು? ಅವರ ಮನೆಯ ಬಾಗಿಲಿಗೆ ಹೋಗಿ ಕೇಳಿದವರು ಯಾರು? ನೂರಕ್ಕೆ ನೂರು ಫಲಿತಾಂಶವೆಂಬುದು ಹೆಮ್ಮೆಯ ಮಾತು. ಆದರೆ ಎಂಟನೆಯ ತರಗತಿಗೆ ಐವತ್ತು ಮಂದಿ ಸೇರಿ, ಹತ್ತನೆಯ ತರಗತಿಯ ಪರೀಕ್ಷೆಗೆ ನಲವತ್ತು ಮಂದಿ ಕುಳಿತು, ನಲವತ್ತೂ ಮಂದಿ ತೇರ್ಗಡೆಯಾದರೆ ಅದು ನೂರಕ್ಕೆ ನೂರೆ? ಪಟ್ಟಿಯ ಗಣಿತಕ್ಕೆ ಅದು ನೂರು. ಊರಿನ ಗಣಿತಕ್ಕೆ ಎಂಬತ್ತು. ಬಿಟ್ಟುಹೋದ ಹತ್ತು ಮಂದಿಯಲ್ಲಿ ಒಬ್ಬನನ್ನು ಗೆಳೆಯರು ಮಾತನಾಡಿಸಿ ಮರಳಿ ಕರೆತಂದರೆ, ಆ ವರ್ಷದ ವರದಿಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿರಲಾರದು.

ಈ ಎರಡನೆಯ ವರದಿಯನ್ನು ಬರೆಯಬೇಕಾದವರು ಮುಖ್ಯೋಪಾಧ್ಯಾಯರೊಬ್ಬರೇ ಅಲ್ಲ. ಅವರ ಮೇಜಿಗೆ ತಲುಪುವುದು ಪ್ರಮಾಣಪತ್ರಗಳು ಮತ್ತು ಅಂಕಪಟ್ಟಿಗಳು. ಊಟದ ಬಿಡುವಿನಲ್ಲಿ ನಡೆಯುವುದನ್ನು ಬಲ್ಲವರು ವಿದ್ಯಾರ್ಥಿಗಳೇ. ಅನೇಕ ಶಾಲೆಗಳಲ್ಲಿ ಗೋಡೆ ಪತ್ರಿಕೆಯಿದೆ. ಕೆಲವು ಕಡೆ ಕೈಬರಹದ ಪತ್ರಿಕೆಯೂ ಉಂಟು. ವರ್ಷದ ಕೊನೆಯ ಸಂಚಿಕೆಯನ್ನು ಇಂತಹ ಸುದ್ದಿಗಳಿಗೆ ಮೀಸಲಿಡಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಬಗೆಗಲ್ಲ, ತನ್ನ ಸಹಪಾಠಿಯೊಬ್ಬನ ಬಗೆಗೆ, ತಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಲಿ. ಹೀಗೆ ಬರೆಯಬೇಕಾದರೆ ವರ್ಷವಿಡೀ ಒಬ್ಬರನ್ನೊಬ್ಬರು ಗಮನಿಸಬೇಕಾಗುತ್ತದೆ. ನೆರೆಯವನಲ್ಲಿ ಒಳಿತನ್ನು ಹುಡುಕುವ ಕಣ್ಣು ಬೆಳೆಯುತ್ತದೆ. ಅದು ಯಾವ ಪಠ್ಯಕ್ರಮದಲ್ಲಿಯೂ ಪ್ರತ್ಯೇಕವಾಗಿ ಸೇರಿಲ್ಲದ, ಆದರೆ ಬಾಳಿನುದ್ದಕ್ಕೂ ಬೇಕಾಗುವ ವಿದ್ಯೆ. ಇದಕ್ಕೆ ತಗಲುವ ವೆಚ್ಚ ಕೆಲವು ಹಾಳೆ ಕಾಗದ, ಒಂದಿಷ್ಟು ಅಂಟು.

ವಾರ್ಷಿಕೋತ್ಸವದ ದೀಪಗಳು ಆರುತ್ತವೆ. ಬಹುಮಾನ ಪಡೆದವರು ತಾಯಿತಂದೆಗಳೊಡನೆ ಮನೆಗೆ ಹೋಗುತ್ತಾರೆ. ಅವರ ಸಂತೋಷ ನ್ಯಾಯವಾದುದು. ಮೈದಾನದಲ್ಲಿ ಕೆಲವರು ಉಳಿದಿರುತ್ತಾರೆ. ಅವರು ಜಮಖಾನವನ್ನು ಕೊಡವಿ ಸುತ್ತುತ್ತಾರೆ, ಬೆಂಚುಗಳನ್ನು ಹೊತ್ತು ತರಗತಿಗಳಿಗೆ ಸೇರಿಸುತ್ತಾರೆ. ಮರುದಿನ ಮೊದಲ ಗಂಟೆ ಬಾರಿಸಿದಾಗ ಎಲ್ಲರೂ ಬಂದು ಕುಳಿತುಕೊಳ್ಳಲು ಆ ಬೆಂಚುಗಳು ತಮ್ಮ ತಮ್ಮ ಸ್ಥಾನದಲ್ಲಿ ಇರುತ್ತವೆ. ಮುಂದಿನ ವರದಿಯನ್ನು ಬರೆಯುವವರು ಅವುಗಳನ್ನು ಯಾರು ಅಲ್ಲಿಗೆ ತಂದಿಟ್ಟರೆಂದು ಒಮ್ಮೆ ಕೇಳಿ ತಿಳಿದುಕೊಳ್ಳಲಿ; ಆ ಹೆಸರುಗಳಿಗಾಗಿ ಒಂದು ಸಾಲನ್ನಾದರೂ ಬಿಟ್ಟಿರಲಿ.